ಹೆಸರು ಬೇಡವೆಂದವರು ಯಾರು?

ಕಳೆದ ವರ್ಷ ನಾನು ಕಲಿತ ಕಾನ್ವೆಂಟ್ ಶಾಲೆಗೆ ನೂರು ವರ್ಷ ತುಂಬಿತು. ಮೂರು ದಿನಗಳ ಸಮಾರಂಭ. ಹಳೆ ವಿದ್ಯಾರ್ಥಿನಿಯರೆಲ್ಲ ಬರಬೇಕೆಂದು ಕರೆ ಬಂದಿತ್ತು, ಹೋದೆ. ಅಂಗಳದ ಮಾವಿನ ಮರ ಹೋಗಿ ಅಲ್ಲೊಂದು ಸಿಮೆಂಟಿನ ವೇದಿಕೆ ಬಂದಿದೆ ಎಂಬುದನ್ನು ಬಿಟ್ಟರೆ ಶಾಲೆ ಹೆಚ್ಚು ಬದಲಾಗಿರಲಿಲ್ಲ. ಬಾಗಿಲಲ್ಲಿ ಸ್ಮರಣ ಸಂಚಿಕೆಯೊಂದನ್ನು ಕೈಗಿತ್ತರು. ನುಣುಪು ಕಾಗದ, 112 ಪುಟ. ಸಭೆ ಶುರುವಾಗುವ ತನಕ ಅದನ್ನೇ ಮಗುಚುತ್ತ ಕುಳಿತೆ.

ಮೊದಲು ಬಿಷಪರ ಭಾವಚಿತ್ರ ಮತ್ತು ಸಂದೇಶ. ಆಮೇಲೆ ಮಂತ್ರಿಗಳದು, ಶಾಸಕರದು, ಜಾಗ ಕೊಟ್ಟ ಮನೆತನದ ಹಿರಿಯರದು, ಹೊಸ ಸಭಾಂಗಣ ಕಟ್ಟಿದ ಗುತ್ತಿಗೆದಾರರದು. ಶಾಲೆಯ ಇತಿಹಾಸ ಎಂಬ ಲೇಖನದಲ್ಲಿ ಯಾವ ಕಟ್ಟಡ ಯಾವಾಗ ಎದ್ದಿತು, ಯಾರು ಉದ್ಘಾಟಿಸಿದರು ಎಂಬುದೆಲ್ಲ ಇಸವಿ ಸಹಿತ ಇತ್ತು. ಆ ಕಟ್ಟಡಗಳ ಒಳಗೆ ನೂರು ವರ್ಷ ಪಾಠ ಮಾಡಿದ ಸಿಸ್ಟರುಗಳು ಎಲ್ಲಿ? ಹುಡುಕಿದೆ. ಎಪ್ಪತ್ತನೆಯ ಪುಟದಲ್ಲಿ ಒಂದು ಕಪ್ಪು ಬಿಳುಪಿನ ಗುಂಪುಚಿತ್ರ ಸಿಕ್ಕಿತು. ಹದಿನಾಲ್ಕು ಜನ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು ನನಗೆ ಮೂರು ವರ್ಷ ಗಣಿತ ಕಲಿಸಿದವರು. ಚಿತ್ರದ ಕೆಳಗೆ ‘ನಮ್ಮ ಸಿಸ್ಟರುಗಳು’ ಎಂದು ಅಚ್ಚಾಗಿತ್ತು. ಅಷ್ಟೇ. ಅದೇ ಪುಟದ ಕೆಳಗಿನ ಅರ್ಧದಲ್ಲಿ ಒಂದು ಬಂಗಾರದ ಅಂಗಡಿಯ ಜಾಹೀರಾತು. ಅದರಲ್ಲಿ ಮಾಲೀಕರ ಹೆಸರಿತ್ತು, ಅವರ ಇಬ್ಬರು ಗಂಡುಮಕ್ಕಳ ಹೆಸರೂ ಇತ್ತು.

ಮುಖ್ಯ ಅತಿಥಿಗಳು ಚೆನ್ನಾಗಿ ಮಾತನಾಡಿದರು. “ಇವರು ಲೋಕವನ್ನೇ ಬಿಟ್ಟು ಬಂದ ತಾಯಂದಿರು. ಇವರಿಗೆ ಹೆಸರಿನ ಹಂಬಲವಿಲ್ಲ. ತಾವು ಉರಿದು ಬೆಳಕು ಕೊಡುವ ಮೇಣದ ಬತ್ತಿಗಳು” ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಮೇಣದ ಬತ್ತಿಗೆ ಹೆಸರಿಡುವವರುಂಟೆ? ಅದನ್ನು ಡಜನ್ ಲೆಕ್ಕದಲ್ಲಿ ತರುತ್ತೇವೆ. ಉರಿದು ಮುಗಿದ ಮೇಲೆ ಮೇಣ ಕೆರೆದು ಬಿಸಾಡುತ್ತೇವೆ.

ನೇರವಾಗಿ ಹೇಳಿಬಿಡುತ್ತೇನೆ. ಹೆಂಗಸರ ಕೆಲಸವನ್ನು ಇಟ್ಟುಕೊಂಡು ಹೆಸರನ್ನು ತೆಗೆದುಹಾಕುವುದಕ್ಕೆ ನಾವು ‘ಗೌರವ’ ಎಂದು ಹೆಸರಿಟ್ಟಿದ್ದೇವೆ. ಇದು ಗೌರವವಲ್ಲ, ಇದಕ್ಕೊಂದು ಇತಿಹಾಸವಿದೆ. ಕೆಲವೊಮ್ಮೆ ಇದಕ್ಕೆ ಲಿಖಿತ ಆಜ್ಞೆಯೂ ಇತ್ತು! ಹಾಗೆ ಬರೆದು, ಮೊಹರು ಹಾಕಿ, ಒಬ್ಬ ಹೆಂಗಸಿನ ಹೆಸರನ್ನು ಅಳಿಸಿದ ಒಂದು ಸಂಗತಿಯನ್ನು ನಾನು ಓದಿ ತಿಳಿದೆ. ಅದನ್ನು ನಿಮಗೆ ಹೇಳಬೇಕು. ನನ್ನ ಶಾಲೆಯ ಸಿಸ್ಟರುಗಳ ಪಂಗಡದ್ದಲ್ಲ ಅದು, ಬೇರೊಂದು ಪಂಗಡದ ಕಥೆ. ಆದರೆ ಹುಡುಗಿಯರಿಗೆ ಪಾಠ ಹೇಳುವ ಸಿಸ್ಟರುಗಳೆಂಬುವವರು ಈ ಲೋಕದಲ್ಲಿ ಇರುವುದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ, ಆ ಕಥೆಯನ್ನು ಬಿಟ್ಟು ಉತ್ತರ ಹೇಳಲಾಗುವುದಿಲ್ಲ.

ಮದರ್ ತೆರೇಸಾ ಯಾರಿಗೆ ಗೊತ್ತಿಲ್ಲ? ಕಲ್ಕತ್ತೆಯ ಬೀದಿಗೆ ಇಳಿಯುವ ಮೊದಲು ಅವರು ಟೀಚರಾಗಿದ್ದರು ಎಂಬುದು ಮಾತ್ರ ಎಲ್ಲರಿಗೂ ನೆನಪಿರುವುದಿಲ್ಲ. 1928ರಲ್ಲಿ ಅವರು ಸೇರಿದ್ದು ಐರ್ಲೆಂಡಿನ ಲೊರೆಟೊ ಎಂಬ ಸಂಸ್ಥೆಯನ್ನು. 1948ರವರೆಗೆ ಅದರ ಸಿಸ್ಟರಾಗಿ ಕಲ್ಕತ್ತೆಯ ಎಂಟಾಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಆ ಲೊರೆಟೊ ಸಂಸ್ಥೆಯ ಮೂಲ ಹುಡುಕುತ್ತ ಹೋದರೆ ನಾಲ್ಕು ನೂರು ವರ್ಷ ಹಿಂದಿನ ಒಬ್ಬ ಇಂಗ್ಲಿಷ್ ಹೆಂಗಸು ಎದುರಾಗುತ್ತಾಳೆ. ಹೆಸರು ಮೇರಿ ವಾರ್ಡ್.

ಮೇರಿ ಹುಟ್ಟಿದ್ದು 1585ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ. ಆಗ ಅಲ್ಲಿ ಕ್ಯಾಥೊಲಿಕರಾಗಿರುವುದೇ ಅಪರಾಧ. ಪೂಜೆ ನಡೆಸಿದ ಪಾದ್ರಿಗಳಿಗೆ ಗಲ್ಲು, ಅವರನ್ನು ಬಚ್ಚಿಟ್ಟವರಿಗೆ ಸೆರೆಮನೆ ಇಲ್ಲವೇ ಮರಣದಂಡನೆ. ಮೇರಿಯ ಅಜ್ಜಿಯೇ ಧರ್ಮಕ್ಕಾಗಿ ವರ್ಷಗಟ್ಟಲೆ ಸೆರೆಯಲ್ಲಿದ್ದವಳು. ಹದಿನೈದರ ಹುಡುಗಿಗೆ, ಹೊಲಿಗೆಗೆ ಕುಳಿತಾಗ, ಮನೆಯ ಕೆಲಸದಾಕೆ ಹಿಂದಿನ ಕಾಲದ ಸನ್ಯಾಸಿನಿಯರ ಕಥೆ ಹೇಳಿದಳಂತೆ. ತಾನೂ ಹಾಗಾಗಬೇಕೆಂದು ಹುಡುಗಿ ನಿರ್ಧರಿಸಿದಳು. ಇಂಗ್ಲೆಂಡಿನಲ್ಲಿ ಮಠಗಳೇ ಉಳಿದಿರಲಿಲ್ಲ. 1606ರಲ್ಲಿ ಸಮುದ್ರ ದಾಟಿ ಇಂದಿನ ಫ್ರಾನ್ಸಿನ ಸೇಂಟ್ ಒಮೆರ್ ಎಂಬ ಊರಿಗೆ ಹೋದಳು. ಅಲ್ಲಿಯ ಮಠದಲ್ಲಿ ಅವಳಿಗೆ ಮೊದಲು ಸಿಕ್ಕಿದ ಕೆಲಸ ಮನೆ ಮನೆಗೆ ಹೋಗಿ ಭಿಕ್ಷೆ ಬೇಡಿ ತರುವುದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇಲ್ಲವಾದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ಕ್ರೈಸ್ತ ಸನ್ಯಾಸಿನಿ ಎಂದರೆ ಗೋಡೆಯ ಒಳಗೆ ಇರುವವಳು. 1298ರಲ್ಲಿ ಎಂಟನೆಯ ಬೋನಿಫಾಸ್ ಎಂಬ ಪೋಪರು, ಸನ್ಯಾಸಿನಿಯರು ಮಠದ ಆವರಣ ಬಿಟ್ಟು ಹೊರಡಕೂಡದು ಎಂದು ವಿಧಿಸಿದರು. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಮತ್ತೆ ಬಿಗಿಮಾಡಿತು. ನೋಡಲು ಬಂದ ತಂದೆತಾಯಿಯರ ಜೊತೆಗೂ ಕಬ್ಬಿಣದ ಸರಳುಗಳ ಆಚೆಯಿಂದಲೇ ಮಾತು. ಗಂಡಸರಿಗಾದರೋ ಹಾಗಿಲ್ಲ. ಜೆಸ್ವಿತ್ ಪಾದ್ರಿಗಳು ಊರೂರು ಸುತ್ತಿ ಶಾಲೆ ತೆರೆಯುತ್ತಿದ್ದರು, ಹಡಗು ಹತ್ತಿ ಗೋವೆಗೂ ಜಪಾನಿಗೂ ಬರುತ್ತಿದ್ದರು. ಹೆಣ್ಣಿಗೆ ಇದ್ದದ್ದು ಎರಡೇ ದಾರಿ. ಒಂದೋ ಗಂಡ, ಇಲ್ಲವೋ ಗೋಡೆ. ಕೇಳಿದರೆ ನಮಗೆ ಹೊಸದೆನಿಸುವುದಿಲ್ಲ, ಅಲ್ಲವೇ? ಹೊಸಿಲು ಎಂಬ ಒಂದು ಪದದಲ್ಲಿ ನಮ್ಮ ಅಜ್ಜಿಯಂದಿರ ಇಡೀ ಬದುಕೇ ಅಡಗಿತ್ತು.

ಮೇರಿ ಕೇಳಿದ್ದು ಮೂರನೆಯ ದಾರಿಯನ್ನು. 1609ರ ಹೊತ್ತಿಗೆ ಐದಾರು ಜನ ಗೆಳತಿಯರನ್ನು ಕಟ್ಟಿಕೊಂಡು ಸೇಂಟ್ ಒಮೆರಿನಲ್ಲಿ ಹುಡುಗಿಯರಿಗೆ ಶಾಲೆ ತೆರೆದಳು. ಇಂಗ್ಲೆಂಡಿನಿಂದ ಬಂದವರಿಗೆ ವಸತಿ ಶಾಲೆ, ಊರಿನ ಹುಡುಗಿಯರಿಗೆ ಬಿಟ್ಟಿ ಶಾಲೆ. ಓದು, ಬರಹ, ಹೊಲಿಗೆಯ ಜೊತೆಗೆ ಗಂಡುಮಕ್ಕಳ ಸೊತ್ತಾಗಿದ್ದ ಲ್ಯಾಟಿನ್ ಭಾಷೆ! ತಮಗೆ ಗೋಡೆ ಬೇಡ, ಆ ಊರಿನ ಬಿಷಪರ ಅಧೀನವೂ ಬೇಡ, ನಮ್ಮಲ್ಲೇ ಒಬ್ಬಳು ನಮ್ಮ ಮುಖ್ಯಸ್ಥೆ, ಅವಳ ಮೇಲೆ ನೇರ ಪೋಪರು ಎಂದು ಹೇಳಿದಳು. ಜೆಸ್ವಿತ್ ಪಾದ್ರಿಗಳಿಗೆ ಯಾವ ನಿಯಮವೋ ನಮಗೂ ಅದೇ ಇರಲಿ ಎಂದಳು.

ಸಿಟ್ಟು ಎದ್ದಿತು. ಗೋಡೆಯಿಲ್ಲದೆ ತಿರುಗುವ ಇವರನ್ನು ‘ನಾಗಾಲೋಟದ ಹುಡುಗಿಯರು’ ಎಂದು ಗೇಲಿಮಾಡಿದರು. 1617ರ ಸುಮಾರಿಗೆ ಒಬ್ಬ ಪಾದ್ರಿ, ಇವರ ಉತ್ಸಾಹವೆಲ್ಲ ಮೊದಮೊದಲು ಮಾತ್ರ, ಎಷ್ಟೆಂದರೂ ಹೆಂಗಸರು ತಾನೇ, ಎಂದನಂತೆ. ಮಾತು ಮೇರಿಯ ಕಿವಿಗೆ ಬಿತ್ತು. ತನ್ನವರನ್ನು ಕೂರಿಸಿಕೊಂಡು ಆಕೆ ಹೇಳಿದ್ದರ ಸಾರ ಇಷ್ಟು: ಉತ್ಸಾಹ ತಣ್ಣಗಾಗುವುದು ಹೆಣ್ಣಾದ್ದರಿಂದ ಅಲ್ಲ, ಮನುಷ್ಯರಲ್ಲಿ ಕೊರತೆ ಇರುವುದರಿಂದ. ಸತ್ಯಕ್ಕೆ ಗಂಡು ಹೆಣ್ಣಿಲ್ಲ. ದೊಡ್ಡ ಕೆಲಸ ಹೆಂಗಸರಿಂದ ಆಗದು ಎಂಬ ಮಾತು ಸುಳ್ಳು, ಮುಂದೆ ಹೆಂಗಸರು ಬಹಳಷ್ಟು ಮಾಡುವುದನ್ನು ಲೋಕ ಕಾಣುತ್ತದೆ. 1617ರಲ್ಲಿ, ಒಂದು ಮತಸಂಸ್ಥೆಯ ಒಳಗೆ ನಿಂತು, ಒಬ್ಬ ಹೆಣ್ಣು ಆಡಿದ ಮಾತಿದು. ಸ್ತ್ರೀವಾದ ನಿನ್ನೆ ಮೊನ್ನೆ ಹಡಗಿನಲ್ಲಿ ಬಂದ ಸರಕು ಎನ್ನುವವರು ಇದನ್ನು ಸ್ವಲ್ಪ ಗಮನಿಸಬೇಕು.

ಒಪ್ಪಿಗೆ ಬೇಕಾದರೆ ರೋಮಿಗೇ ಹೋಗಬೇಕು. 1621ರ ಅಕ್ಟೋಬರಿನಲ್ಲಿ ಕೆಲವು ಸಂಗಾತಿಗಳ ಜೊತೆ ಬ್ರಸೆಲ್ಸಿನಿಂದ ಹೊರಟಳು. ಚಳಿಗಾಲದಲ್ಲಿ ಆಲ್ಪ್ಸ್ ಪರ್ವತ ದಾಟಿ, ಬಹುಪಾಲು ಕಾಲ್ನಡಿಗೆಯಲ್ಲಿ, ಕ್ರಿಸ್‌ಮಸ್ಸಿನ ಮುನ್ನಾದಿನ ರೋಮ್ ತಲುಪಿದಳು. ಪೋಪರು ನಯವಾಗಿ ಮಾತನಾಡಿಸಿದರು, ವಿಷಯವನ್ನು ಕಾರ್ಡಿನಲ್‌ಗಳ ಸಮಿತಿಗೆ ಒಪ್ಪಿಸಿದರು. ಸಮಿತಿ ಎಳೆಯಿತು. ಮೇರಿ ಸುಮ್ಮನೆ ಕಾಯಲಿಲ್ಲ. ರೋಮ್, ನೇಪಲ್ಸ್, ಪೆರೂಜಾ, ಮ್ಯೂನಿಕ್, ವಿಯೆನ್ನಾಗಳಲ್ಲಿ ಶಾಲೆ ತೆರೆಯುತ್ತ ಹೋದಳು. ಹುಡುಗಿಯರು ತುಂಬಿಕೊಂಡರು. ರೋಮಿನ ಶಾಲೆಯನ್ನು 1625ರಲ್ಲಿ ಮುಚ್ಚಿಸಿದರು. ಕೊನೆಗೆ 1631ರ ಜನವರಿಯಲ್ಲಿ ಎಂಟನೆಯ ಅರ್ಬನ್ ಪೋಪರ ಆಜ್ಞಾಪತ್ರ ಬಂತು. ಹೆಣ್ಣಿನ ದುರ್ಬಲ ಪ್ರಕೃತಿಗೆ, ನಾಚಿಕೆಗೆ ಒಪ್ಪದ ಕೆಲಸಗಳಲ್ಲಿ ಇವರು ತೊಡಗಿದ್ದಾರೆ, ಆದ್ದರಿಂದ ಈ ಸಂಸ್ಥೆಯನ್ನು ವಿಷದ ಕಳೆಯಂತೆ ಬೇರುಸಹಿತ ಕಿತ್ತುಹಾಕಿದ್ದೇವೆ ಎಂದು ಅದರ ಒಕ್ಕಣೆ. ಆ ಕೆಲಸ ಯಾವುದು? ಹುಡುಗಿಯರಿಗೆ ಅಕ್ಷರ ಕಲಿಸುವುದು ಮತ್ತು ಅದಕ್ಕಾಗಿ ಬೀದಿಯಲ್ಲಿ ನಡೆಯುವುದು.

ಫೆಬ್ರವರಿಯಲ್ಲಿ ಮೇರಿಯನ್ನು ಮ್ಯೂನಿಕ್ಕಿನಲ್ಲಿ ಬಂಧಿಸಿ ಒಂದು ಮಠದ ಕೋಣೆಯಲ್ಲಿ ಕೂಡಿಹಾಕಿದರು. ಧರ್ಮದ್ರೋಹಿ ಎಂಬ ಆರೋಪ. ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದಳು. ತಪ್ಪೊಪ್ಪಿಗೆಯ ಕಾಗದಕ್ಕೆ ರುಜು ಹಾಕಿದರೆ ಮಾತ್ರ ಅಂತ್ಯಸಂಸ್ಕಾರದ ಅಭ್ಯಂಜನ ಕೊಡುತ್ತೇವೆ ಎಂದರು. ನಂಬಿಕೆಯುಳ್ಳ ಹೆಂಗಸಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಯಾವುದಿದೆ? ರುಜು ಹಾಕಲಿಲ್ಲ. ಹೊರಗಿದ್ದ ಸಂಗಾತಿಗಳಿಗೆ ಸಾಮಾನು ಸುತ್ತಿದ ಕಾಗದದ ಮೇಲೆ ಲಿಂಬೆಯ ರಸದಲ್ಲಿ ಕಾಗದ ಬರೆದಳು. ಚಿಕ್ಕಂದಿನಲ್ಲಿ ನಾವೂ ಆಡಿದ್ದೇವೆ ಈ ಆಟ. ಒಣಗಿದ ಮೇಲೆ ಏನೂ ಕಾಣುವುದಿಲ್ಲ, ಬೆಂಕಿಯ ಕಾವಿಗೆ ಹಿಡಿದರೆ ಅಕ್ಷರ ಕಂದು ಬಣ್ಣದಲ್ಲಿ ಮೂಡುತ್ತದೆ. ಆ ಕಾಗದಗಳಲ್ಲಿ ಕೆಲವು ಈಗಲೂ ಉಳಿದಿವೆ. ಎರಡು ತಿಂಗಳ ಮೇಲೆ ಬಿಡುಗಡೆಯಾಯಿತು. ರೋಮಿಗೆ ಹೋಗಿ ತಾನು ಧರ್ಮದ್ರೋಹಿಯಲ್ಲ ಎಂದು ಪೋಪರ ಎದುರಿಗೇ ನಿಂತು ಹೇಳಿ, ಒಪ್ಪಿಸಿಕೊಂಡಳು. ಆದರೆ ಸಂಸ್ಥೆಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. ಊರಿಗೆ ಮರಳಿ, ಅಂತರ್ಯುದ್ಧದ ನಡುವೆ, 1645ರಲ್ಲಿ ಯಾರ್ಕ್ ನಗರದ ಹತ್ತಿರ ತೀರಿಕೊಂಡಳು. ಆಕೆಯ ಸಮಾಧಿಯ ಕಲ್ಲಿನ ಮೇಲೆ ಬಡವರನ್ನು ಪ್ರೀತಿಸಿದಳು ಎಂದಿದೆ. ಏನನ್ನು ಸ್ಥಾಪಿಸಿದಳು ಎಂದಿಲ್ಲ.

ಅಯ್ಯೋ ಪಾಪ ಎನ್ನಬೇಡಿ. ನನಗೆ ಸಿಟ್ಟು ಬರಿಸಿದ ಭಾಗ ಇನ್ನು ಮುಂದೆ ಇದೆ.

ಸಂಸ್ಥೆ ಸಾಯಲಿಲ್ಲ. ಮ್ಯೂನಿಕ್ಕಿನಲ್ಲಿ ಕೆಲವರು ಬರೀ ಗೃಹಸ್ಥ ಹೆಂಗಸರ ಹಾಗೆ ಒಟ್ಟಿಗಿದ್ದು ಶಾಲೆ ನಡೆಸಿದರು. 1686ರಲ್ಲಿ ಯಾರ್ಕಿನ ಊರಬಾಗಿಲ ಹೊರಗೆ ಒಂದು ಮನೆ ಕೊಂಡು, ಸನ್ಯಾಸಿನಿಯ ಉಡುಪು ಧರಿಸದೆ, ಹುಡುಗಿಯರ ಶಾಲೆ ತೆರೆದರು. ಶಾಲೆಗಳು ಬೇಕಾಗಿದ್ದವು. ದೊಡ್ಡ ಮನೆತನದವರಿಗೂ ಬೇಕಾಗಿದ್ದವು, ಬಿಷಪರಿಗೂ ಬೇಕಾಗಿದ್ದವು. ಆದ್ದರಿಂದ 1703ರಲ್ಲಿ ಪೋಪರು ಇವರ 81 ನಿಯಮಗಳಿಗೆ ಒಪ್ಪಿಗೆ ಕೊಟ್ಟರು. ಆದರೆ ಸ್ಥಾಪಕಿಯನ್ನು ಏನು ಮಾಡುವುದು? ಆಕೆ ಶಿಕ್ಷೆಗೊಳಗಾದವಳು. 1749ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಜಾಣ ತೀರ್ಪು ಕೊಟ್ಟರು. 1631ರಲ್ಲಿ ರದ್ದಾದದ್ದು ಬೇರೆ ಸಂಸ್ಥೆ, ಈಗಿರುವುದು ಬೇರೆ ಸಂಸ್ಥೆ. ಈಗಿನ ಸಂಸ್ಥೆ ನಡೆಯಬಹುದು, ಆದರೆ ಮೇರಿ ವಾರ್ಡಳನ್ನು ಅದರ ಸ್ಥಾಪಕಿ ಎಂದು ಹೇಳಕೂಡದು!

ನೋಡಿ, ಎಷ್ಟು ಸೊಗಸು. ಶಾಲೆ ಇರಲಿ. ಅದನ್ನು ಕಟ್ಟಿದವಳು ಇರುವುದು ಬೇಡ. ಈ ನಿಷೇಧ ಇದ್ದದ್ದು ಒಂದೆರಡು ವರ್ಷವಲ್ಲ. 1909ರಲ್ಲಿ ಹತ್ತನೆಯ ಪಿಯುಸ್ ಪೋಪರು ತೆಗೆದುಹಾಕುವ ತನಕ, ಸರಿಯಾಗಿ 160 ವರ್ಷ. ಅಷ್ಟು ಕಾಲ ಆ ಸಿಸ್ಟರುಗಳು ತಮ್ಮ ತಾಯಿಯ ಹೆಸರನ್ನು ತಾಯಿ ಎಂದು ಹೇಳಬಾರದಾಗಿತ್ತು. ಡಬ್ಲಿನ್ನಿನ ತೆರೇಸಾ ಬಾಲ್ ಯಾರ್ಕಿನ ಅದೇ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಸಿಸ್ಟರಾಗಿ, ಐರ್ಲೆಂಡಿಗೆ ಮರಳಿ ಲೊರೆಟೊ ಶಾಖೆ ಕಟ್ಟಿದ್ದು ಈ ನಿಷೇಧದ ಕಾಲದಲ್ಲಿ. 1841ರ ಡಿಸೆಂಬರ್ ಕೊನೆಗೆ ಆಕೆ ಕಳಿಸಿದ ಸಿಸ್ಟರುಗಳು ಕಲ್ಕತ್ತೆಯಲ್ಲಿ ಇಳಿದದ್ದೂ ಈ ನಿಷೇಧದ ಕಾಲದಲ್ಲಿ. ಯಾರ ಹೆಜ್ಜೆಯಲ್ಲಿ ನಡೆದು ಬಂದರೋ ಆಕೆಯ ಹೆಸರನ್ನು ಸ್ಥಾಪಕಿಯೆಂದು ಹೇಳುವ ಹಕ್ಕು ಇಲ್ಲದೆ ಸಮುದ್ರ ದಾಟಿ ಬಂದರು. ಮೇರಿ ಕೇಳಿದ್ದ ಜೆಸ್ವಿತರ ನಿಯಮಾವಳಿ ಮತ್ತು ಯೇಸುವಿನ ಹೆಸರು ಆಕೆಯ ಸಂಸ್ಥೆಯ ಇನ್ನೊಂದು ಶಾಖೆಗೆ ಸಿಕ್ಕಿದ್ದು 2004ರಲ್ಲಿ. 2009ರಲ್ಲಿ ರೋಮ್ ಆಕೆಯನ್ನು ‘ಪೂಜ್ಯೆ’ ಎಂದು ಸಾರಿತು. ಸಂತೋಷ. ಆದರೆ ಆಕೆ ಸತ್ತು 364 ವರ್ಷವಾಗಿತ್ತು.

ಇದೆಲ್ಲ ಅವರ ಮನೆಯ ಜಗಳ, ಇಗರ್ಜಿಯ ಹೊರಗಿನವಳಾದ ನನಗೇಕೆ ಎಂದು ಯಾರಾದರೂ ಕೇಳಿಯಾರು. ನನಗೆ ಬೀಜಗಣಿತ ಬಂದದ್ದು ಆ ಮನೆಯಿಂದ, ಅದಕ್ಕೆ. ಮತ್ತೆ, ಈ ಬುದ್ಧಿ ಅವರ ಮನೆಯಲ್ಲಿ ಮಾತ್ರ ಇದೆಯೆಂದು ನಾನು ಹೇಳಲಾರೆ. ನಂಜನಗೂಡು ತಿರುಮಲಾಂಬ ಬಾಲವಿಧವೆಯಾಗಿ, ಮನೆಯಲ್ಲೇ ಕುಳಿತು ಕಾದಂಬರಿ ಬರೆದು, ತಾವೇ ಪ್ರಕಾಶಕಿಯೂ ಪತ್ರಿಕೆಯ ಸಂಪಾದಕಿಯೂ ಆದವರು. 1887ರಲ್ಲಿ ಹುಟ್ಟಿ 1982ರ ತನಕ ಬದುಕಿದ್ದರು. ಆದರೆ ಅವರು ಬದುಕಿರುವಾಗಲೇ ಕನ್ನಡ ಸಾಹಿತ್ಯ ಅವರನ್ನು ದಶಕಗಟ್ಟಲೆ ಮರೆತು ಕುಳಿತಿತ್ತು. ನಾವು ಆಜ್ಞಾಪತ್ರ ಹೊರಡಿಸಲಿಲ್ಲ, ಅಷ್ಟೇ. ನಮಗೆ ಅದರ ಅಗತ್ಯವೇ ಬೀಳಲಿಲ್ಲ.

ನಮ್ಮ ಕರಾವಳಿಯ ಕಥೆಯನ್ನೂ ನೋಡಿ. ಲೊರೆಟೊ ಕಲ್ಕತ್ತೆಗೆ ಬಂದ ಮೂರು ದಶಕದ ಮೇಲೆ, 1870ರ ನವೆಂಬರಿನಲ್ಲಿ, ಮಂಗಳೂರಿಗೆ ಅಪೋಸ್ಟೋಲಿಕ್ ಕಾರ್ಮೆಲ್ ಎಂಬ ಬೇರೊಂದು ಪಂಗಡದ ಸಿಸ್ಟರುಗಳು ಬಂದಿಳಿದರು. ಇದನ್ನು ಕಟ್ಟಿದವರು ಮದರ್ ವೆರೋನಿಕಾ. ಹುಟ್ಟುಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಒಬ್ಬ ಇಂಗ್ಲಿಷ್ ಪ್ರಾಟೆಸ್ಟಂಟ್ ಪಾದ್ರಿಯ ಮಗಳಾಗಿ ಹುಟ್ಟಿ, ಕ್ಯಾಥೊಲಿಕಳಾಗಿ, 1862ರಲ್ಲಿ ಕಲ್ಲಿಕೋಟೆಗೆ ಬಂದು ಪಾಠ ಹೇಳಿದವರು. ಕಾರ್ಮೆಲ್ ಎಂದರೆ ಗೋಡೆಯೊಳಗಿನ ಮೌನ ಪ್ರಾರ್ಥನೆಗೆ ಹೆಸರಾದ ಪರಂಪರೆ. ಆ ಪರಂಪರೆಯ ಹೆಂಗಸರು ಹೊರಗೆ ಬಂದು ಶಾಲೆ ನಡೆಸಬೇಕು ಎಂದು ಅವರು 1868ರಲ್ಲಿ ಫ್ರಾನ್ಸಿನ ಬಯೋನ್ ಊರಿನಲ್ಲಿ ಮನೆ ತೆರೆದರು. ಎರಡು ವರ್ಷದ ಮೇಲೆ ತಾವು ತರಬೇತಿ ಕೊಟ್ಟವರನ್ನು ಮಂಗಳೂರಿಗೆ ಕಳಿಸಿದರು. ಅವರ ಜೊತೆಯಲ್ಲೇ ಹೊರಟಿದ್ದ ಮೌನವ್ರತದ ಕಾರ್ಮೆಲ್ ಸನ್ಯಾಸಿನಿಯರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ವೆರೋನಿಕಾ ಅವರ ಜೊತೆ ಬರಲಿಲ್ಲ. ಬಯೋನಿನ ಮನೆ 1873ರಲ್ಲಿ ಮುಚ್ಚಿತು. ಹೊರಗೆ ಬರುವ ದಾರಿ ತೆರೆದಾಕೆ ತಾವು ಮಾತ್ರ ಗೋಡೆಯೊಳಗಿನ ಬದುಕಿಗೆ ಮರಳಿ, 1906ರಲ್ಲಿ ಫ್ರಾನ್ಸಿನ ಪೋ ಊರಿನ ಮಠದಲ್ಲಿ ತೀರಿಕೊಂಡರು. ಅವರು ಕಳಿಸಿದವರು ಮಂಗಳೂರಿನಲ್ಲಿ ಸೇಂಟ್ ಆನ್ಸ್ ಶಾಲೆ ಕಟ್ಟಿದರು, 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ತೆರೆದರು. 1948ರಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಬಂತು. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಮೊದಲ ಪದವೀಧರೆ ಆ ಕಾಲೇಜುಗಳಿಂದ ಬಂದಳು! ಆ ಮನೆಗಳಲ್ಲಿ ಹೋಗಿ ಕೇಳಿ, ವೆರೋನಿಕಾ ಯಾರು ಎಂದು.

ಈಗ ಎದುರು ವಾದಕ್ಕೆ ಬರೋಣ. ಇವರೆಲ್ಲ ಮತಾಂತರಕ್ಕೆ ಬಂದವರು, ಬ್ರಿಟಿಷರ ನೆರಳಲ್ಲಿ ಬೆಳೆದವರು, ಇಂಗ್ಲಿಷಿನ ಗುಲಾಮಗಿರಿ ಕಲಿಸಿದವರು ಎನ್ನುವವರಿದ್ದಾರೆ. ಇದರಲ್ಲಿ ನಿಜವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಕಲ್ಕತ್ತೆಯ ಲೊರೆಟೊ ಶಾಲೆ ಮೊದಲು ತೆರೆದದ್ದು ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಹುಡುಗಿಯರಿಗಾಗಿ. ಫೀಸು ಕೊಡುವವರಿಗೆ ಒಂದು ಶಾಲೆ, ಕೊಡಲಾಗದವರಿಗೆ ಇನ್ನೊಂದು ಎಂಬ ಪದ್ಧತಿ ಬಹುಕಾಲ ನಡೆಯಿತು. ನನ್ನ ಶಾಲೆಯಲ್ಲೇ ಅಂಗಳದಲ್ಲಿ ತುಳುವಿನಲ್ಲಿ ಮಾತನಾಡಿದ್ದಕ್ಕೆ ನಾಲ್ಕಾಣೆ ದಂಡ ಕಟ್ಟಿದ್ದೇನೆ, ಅದನ್ನು ಮರೆತಿಲ್ಲ. ಆದರೆ ಅದೇ ಲೊರೆಟೊದ ಸಿಸ್ಟರ್ ಸಿರಿಲ್ ಮೂನಿ 1979ರಲ್ಲಿ ಕಲ್ಕತ್ತೆಯ ಸಿಯಾಲ್ದಾ ಶಾಲೆಯ ಮುಖ್ಯಸ್ಥೆಯಾಗಿ, ಆ ಎರಡು ಶಾಲೆಯ ಪದ್ಧತಿಯನ್ನೇ ಮುರಿದರು. ರೈಲು ನಿಲ್ದಾಣದ ಸುತ್ತ ಬದುಕುತ್ತಿದ್ದ ಹುಡುಗಿಯರನ್ನು ಫೀಸು ಕೊಡುವ ಮಕ್ಕಳ ಜೊತೆಗೇ ಶಾಲೆಯ ಒಳಗೆ ಕೂರಿಸಿದರು. 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತಪ್ಪು ಮಾಡಿದವರನ್ನು ಬೈಯಬೇಕಾದರೂ ಹೆಸರು ಬೇಕು, ತಿದ್ದಿದವರನ್ನು ನೆನೆಯಬೇಕಾದರೂ ಹೆಸರು ಬೇಕು. ‘ಕಾನ್ವೆಂಟಿನವರು’ ಎಂದು ಒಟ್ಟಿಗೆ ಹೊಗಳುವುದೂ ಒಟ್ಟಿಗೆ ತೆಗಳುವುದೂ ಒಂದೇ ಸೋಮಾರಿತನ. ಎರಡರಲ್ಲೂ ಒಬ್ಬೊಬ್ಬಳಾಗಿ ಹೆಂಗಸು ಕಾಣುವುದಿಲ್ಲ.

ಎರಡನೆಯ ವಾದವೇ ಕಷ್ಟದ್ದು. ಅವರೇ ಹೆಸರು ಬೇಡವೆಂದವರಲ್ಲವೇ? ಸಂಸ್ಥೆ ಸೇರಿದಾಗ ಎಷ್ಟೋ ಮಂದಿ ತಂದೆತಾಯಿ ಇಟ್ಟ ಹೆಸರನ್ನೇ ಬಿಟ್ಟು ಬೇರೆ ಹೆಸರು ಇಟ್ಟುಕೊಂಡವರು. ಸಂಬಳವನ್ನೂ ತಮಗೆಂದು ಇಟ್ಟುಕೊಳ್ಳದವರು. ಅಂಥವರಿಗೆ ನೀವು ಹೆಸರು ಅಂಟಿಸಲು ಹೊರಟಿರಲ್ಲ?

ಇದಕ್ಕೆ ಉತ್ತರ ಗೊತ್ತಿಲ್ಲದೆ ನಾನು ನಮ್ಮ ಗಣಿತದ ಸಿಸ್ಟರನ್ನೇ ಹುಡುಕಿಕೊಂಡು ಹೋದೆ. ವಯಸ್ಸಾದ ಸಿಸ್ಟರುಗಳ ಮನೆಯಲ್ಲಿದ್ದಾರೆ. ಎಂಬತ್ತೆಂಟು ವರ್ಷ. ಕಿವಿ ಮಂದ, ಕಣ್ಣು ಚುರುಕು. ಸ್ಮರಣ ಸಂಚಿಕೆ ತೆಗೆದು ಎಪ್ಪತ್ತನೆಯ ಪುಟ ತೋರಿಸಿದೆ. ನನ್ನ ಸಿಟ್ಟನ್ನೂ ಹೇಳಿದೆ. ನಕ್ಕರು.

“ಎಂತಕ್ಕೆ ಮಾರಾಯ್ತಿ ಅದೆಲ್ಲ? ಶಾಲೆ ಉಂಟಲ್ಲ, ಮಕ್ಕಳು ಉಂಟಲ್ಲ. ಸಾಕು.”

“ನಾನು ಇದರ ಬಗ್ಗೆ ಬರೆಯುತ್ತೇನೆ ಸಿಸ್ಟರ್.”

“ಬರೆ. ನನ್ನ ಹೆಸರು ಹಾಕಬೇಡ.”

ಆ ಮಾತಿಗೆ ನಾನು ಬದ್ಧಳು. ಹಾಗಾಗಿ ಈ ಬರಹದಲ್ಲಿ ಅವರ ಹೆಸರಿಲ್ಲ. ನನ್ನ ವಾದ ಅಲ್ಲಿಗೇ ಬಿದ್ದುಹೋಯಿತೆಂದು ಸ್ವಲ್ಪ ಹೊತ್ತು ಸುಮ್ಮನಾದೆ. ಅವರು ಚಿತ್ರದ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ಹೇಳತೊಡಗಿದರು. ಇವರು ಭೂಗೋಳ, ಪಾಲಾದವರು. ಇವರು ಅಡಿಗೆಮನೆ, ಆದರೆ ನನಗಿಂತ ಚೆನ್ನಾಗಿ ಲೆಕ್ಕ ಬರುತ್ತಿತ್ತು, ಓದಿಸಲಿಲ್ಲ. ಇವರು ಬೋರ್ಡಿಂಗಿನ ಹುಡುಗಿಯರಿಗೆ ಟೈಫಾಯ್ಡ್ ಬಂದಾಗ ಹದಿನೆಂಟು ರಾತ್ರಿ ಕೂತವರು. ಹದಿನಾಲ್ಕರಲ್ಲಿ ಹದಿಮೂರು ಹೆಸರನ್ನು ಊರು ಸಹಿತ ಹೇಳಿದರು. ಒಬ್ಬರ ಹೆಸರು ನೆನಪಾಗಲಿಲ್ಲ. ಬೆರಳು ಆ ಮುಖದ ಮೇಲೆಯೇ ನಿಂತುಬಿಟ್ಟಿತು. “ಅಯ್ಯೋ ದೇವರೇ, ಇದು ಯಾರು... ಇದು ಯಾರು” ಎಂದು ನಾಲ್ಕೈದು ಸಲ ಅಂದರು. ಕಾಫಿ ಬಂತು, ಕುಡಿಯಲಿಲ್ಲ. ನಾನು ಹೊರಡುವಾಗ ಗೇಟಿನ ತನಕ ಕೋಲೂರಿಕೊಂಡು ಬಂದು, “ನೆನಪಾದರೆ ಫೋನು ಮಾಡಿಸುತ್ತೇನೆ, ಬರೆದಿಟ್ಟುಕೋ” ಎಂದರು.

ತಮ್ಮ ಹೆಸರು ಬೇಡ ಎಂದವರಿಗೆ ಇನ್ನೊಬ್ಬಳ ಹೆಸರು ಹೋದದ್ದನ್ನು ತಡೆಯಲಾಗಲಿಲ್ಲ. ನನಗೆ ಉತ್ತರ ಸಿಕ್ಕಿತು. ತಾನಾಗಿ ಬಿಟ್ಟ ಹೆಸರು ಬೇರೆ, ಕಿತ್ತುಕೊಂಡ ಹೆಸರು ಬೇರೆ. ಬಿಡುವುದು ಅವರ ವ್ರತ. ಆದರೆ ಇಟ್ಟುಕೊಳ್ಳುವುದು ನಮ್ಮ ಕರ್ತವ್ಯ. ಅವರ ವಿನಯವನ್ನು ನಮ್ಮ ಮರೆವಿಗೆ ಮರೆಯಾಗಿ ಹಿಡಿಯುವ ಹಕ್ಕು ಮುಖ್ಯ ಅತಿಥಿಗಳಿಗಿಲ್ಲ, ಚಪ್ಪಾಳೆ ತಟ್ಟಿದ ನನಗೂ ಇಲ್ಲ. ವಿನಯ ಅಷ್ಟು ದೊಡ್ಡ ಗುಣವಾದರೆ ಬಿಷಪರೂ ಶಾಸಕರೂ ಗುತ್ತಿಗೆದಾರರೂ ಅದನ್ನು ಸ್ವಲ್ಪ ಅಭ್ಯಾಸ ಮಾಡಬಹುದಿತ್ತು. ಮುಂದಿನ ಸಂಚಿಕೆಯಲ್ಲಿ ಅವರ ಚಿತ್ರಗಳ ಕೆಳಗೆ ‘ನಮ್ಮ ಗಣ್ಯರು’ ಎಂದಷ್ಟೇ ಹಾಕಿ ನೋಡೋಣ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಪ್ರತಿಯೊಂದು ಕಾನ್ವೆಂಟ್ ಶಾಲೆಯ ಹಳೆ ವಿದ್ಯಾರ್ಥಿನಿಯರೂ, ಹಾಗೆಯೇ ಪ್ರತಿಯೊಂದು ಸರಕಾರಿ ಶಾಲೆಯವರೂ, ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ನಿಮಗೆ ಕಲಿಸಿದವರ ಹೆಸರು, ಊರು, ಕಲಿಸಿದ ವಿಷಯ, ಎಷ್ಟು ವರ್ಷ ಎಂದು ಬರೆಯಿರಿ. ಗಂಟೆ ಹೊಡೆಯುತ್ತಿದ್ದವರನ್ನು, ಅಡಿಗೆಯವರನ್ನು, ಆಯಾನನ್ನು ಬಿಡಬೇಡಿ. ಬದುಕಿರುವ ಹಿರಿಯರನ್ನು ಕೇಳಿ. ಅವರು ಹೋದ ಮೇಲೆ ಕೇಳಲು ಯಾರಿರುತ್ತಾರೆ? ಮೇರಿ ವಾರ್ಡಳ ಹೆಸರು 160 ವರ್ಷ ನಿಷೇಧದಲ್ಲಿದ್ದೂ ಉಳಿದದ್ದು ಆಕೆಯ ಸಂಗಾತಿಗಳು ಕಾಗದಗಳನ್ನು ಕಟ್ಟಿಟ್ಟದ್ದರಿಂದ, ಜೀವನಚರಿತ್ರೆ ಬರೆದಿಟ್ಟದ್ದರಿಂದ, ಆಕೆಯ ಬದುಕನ್ನು ಸಾಲು ಸಾಲು ಚಿತ್ರಗಳಲ್ಲಿ ಬರೆಸಿ ಆಗ್ಸ್‌ಬರ್ಗಿನ ಕಾನ್ವೆಂಟಿನಲ್ಲಿ ಇಟ್ಟದ್ದರಿಂದ. ಯಾವ ಪೋಪರೂ ಅದನ್ನು ಮಾಡಿಕೊಡಲಿಲ್ಲ.

ನಾನು ಹದಿಮೂರು ಹೆಸರುಗಳನ್ನು ಬರೆದು ಶಾಲೆಗೆ ಕಳಿಸಿದ್ದೇನೆ. ನಮ್ಮ ಸಿಸ್ಟರಿಂದ ಫೋನು ಇನ್ನೂ ಬಂದಿಲ್ಲ. ಪಟ್ಟಿಯಲ್ಲಿ ಹದಿನಾಲ್ಕನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ.